ಕೋಳಿ ನೀರು ಕುಡಿಯುವ ಕಾವಲಿ

ಒಲೆ ಉರಿಯುವ ಕಡೆಯೆಲ್ಲ ಒಂದು ಕಥೆ ಇರುತ್ತೆ ಮಕ್ಕಳೇ. ಇದು ಕೆಂಡಗಿರಿಯ ಕಥೆ.

ಕೆಂಡಗಿರಿ ಅಂತ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ದೊಡ್ಡರಾಯ ಅನ್ನೋ ರಾಜ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಏಳುಪ್ಪರಿಗೆಯ ಅರಮನೆ ಇತ್ತು. ಆದರೆ ಬೆಳಗಾದರೆ ಅವನ ಮನಸ್ಸು ಓಡುತ್ತಿದ್ದದ್ದು ಆನೆಯ ಕಡೆಗಲ್ಲ, ಕುದುರೆಯ ಕಡೆಗಲ್ಲ, ದೋಸೆಯ ಕಡೆಗೆ. ಅರಮನೆಯ ಅಂಗಳದಲ್ಲಿ ಏನೇ ಬೇಯಲಿ, ಅದನ್ನು ರಾಜ ತನ್ನ ಕೈಯಾರೆ ಹಂಚಬೇಕು. ತಗೊಳ್ಳುವವರು ಎರಡೂ ಕೈ ಚಾಚಿ ತಗೋಬೇಕು. ಅದು ಆ ರಾಜ್ಯದ ಪದ್ಧತಿ.

ಕೋಟೆ ಬಾಗಿಲ ಹತ್ತಿರ ಒಂದು ಹೊಂಗೆ ಮರ. ಮರದ ಕೆಳಗೆ ಒಂದು ಒಲೆ. ಒಲೆ ಮುಂದೆ ದೋಸೆ ಮಾರುವ ದ್ಯಾವಮ್ಮ. ಅವಳು ಆ ಊರಿನವಳಲ್ಲ. ಎರಡು ಹೊಳೆ ದಾಟಿ, ಗಾಡಿಯಲ್ಲಿ ಏಳು ದಿನ ಹೋದರೆ ಸಿಗುವ ಸೀಮೆ ಅವಳ ತವರು. ಮದುವೆಯಾಗಿ ಹೊರಟ ದಿನ ಅವಳ ಅವ್ವ ಮಡಿಲಿಗೆ ಅಕ್ಕಿ ಹಾಕಿದಳು, ಬೆಲ್ಲ ಹಾಕಿದಳು, ಕೊನೆಗೆ ಒಂದು ಕಾವಲಿ ಇಟ್ಟಳು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಮಾಡುತ್ತಾರಲ್ಲ, ಆ ಬೀಡಿನ ಕಾವಲಿ.

"ಚಿನ್ನ ಕೊಡೋ ಶಕ್ತಿ ನನಗಿಲ್ಲ ಮಗಾ," ಅಂದಳು ಅವ್ವ. "ನೀನು ಇದನ್ನ ನೋಡ್ಕೋ. ಇದು ನಿನ್ನನ್ನ ನೋಡ್ಕೊಳ್ಳುತ್ತೆ."

ಅವ್ವ ಹೋಗಿ ಎಷ್ಟೋ ಕಾಲವಾಯಿತು. ತವರಿನ ದಾರಿಯಲ್ಲಿ ಹುಲ್ಲು ಬೆಳೆಯಿತು. ದ್ಯಾವಮ್ಮನ ಕೂದಲು ಬೆಳ್ಳಗಾಯಿತು, ಕಾವಲಿ ಮಾತ್ರ ಕರ್ರಗಾಯಿತು. ನೇರಳೆ ಹಣ್ಣಿನ ಹಾಗೆ ಕರ್ರಗೆ, ನುಣ್ಣಗೆ. ಅದರ ಮೇಲೆ ಹಿಟ್ಟು ಹುಯ್ದರೆ ದೋಸೆ ತಾನೇ ಅಂಚು ಎತ್ತಿ, "ನಾನು ಬೆಂದೆ, ತೆಗಿ" ಅನ್ನುತ್ತಿತ್ತು. ಗಂಡ ಸತ್ತಾಗ, ಮಗ ಸೈನ್ಯಕ್ಕೆ ಹೋದಾಗ, ಮನೆ ನಡೆಸಿದ್ದು ಆ ಕಾವಲಿ.

ಅದೇ ಊರಲ್ಲಿ ಪಾತ್ರೆ ಅಂಗಡಿಯವನೊಬ್ಬ. ಅವನ ಅಂಗಡಿಯೂ ಥಳಥಳ, ಕಿವಿಯ ಒಂಟಿಯೂ ಥಳಥಳ. ಊರವರು ಇಟ್ಟ ಹೆಸರು ಥಳಕಪ್ಪ. ಅವನಿಗೊಂದು ಉಪಾಯ ಹೊಳೆಯಿತು. ಕೈಗೊಂದು ಹೊಳೆಯುವ ತಗಡಿನ ಕಾವಲಿ ಹಿಡಿದು ಮನೆಮನೆಗೆ ಹೊರಟ.

ಮೊದಲು ಗೌಡರ ಮನೆ. "ಏನವ್ವಾ, ಇಷ್ಟು ದೊಡ್ಡ ಮನೆಯಲ್ಲಿ ಈ ಕರಿ ಕಾವಲಿಯೇ? ಕರಿ ಅಂದರೆ ಕೊಳೆ. ದಿನಾ ಕೊಳೆ ತಿನ್ನುತ್ತೀರಲ್ಲ." ಗೌಡತಿಗೆ ನಾಚಿಕೆಯಾಯಿತು. ಹಳೇದು ಕೊಟ್ಟಳು, ಹೊಸದು ತಗೊಂಡಳು.

ಆಮೇಲೆ ಕುಂಬಾರರ ಮನೆ. "ಕರಿ ಅಂದರೆ ಕೊಳೆ." ಕುಂಬಾರಗಿತ್ತಿಯೂ ಹಳೇದು ಕೊಟ್ಟಳು, ಹೊಸದು ತಗೊಂಡಳು.

ಆಮೇಲೆ ಪೂಜಾರಪ್ಪನ ಮನೆ. "ಕರಿ ಅಂದರೆ ಕೊಳೆ, ಅದರಲ್ಲೂ ದೇವರಿಗೆ ಎಡೆ ಇಡೋ ಮನೆ." ಪೂಜಾರಪ್ಪನ ಹೆಂಡತಿ ಎರಡು ಕೊಟ್ಟಳು.

ಹೀಗೆ ಒಂದಲ್ಲ, ಎರಡಲ್ಲ, ನೂರು ಕಾವಲಿ ಥಳಕಪ್ಪನ ಉಗ್ರಾಣ ಸೇರಿದವು. ಪಕ್ಕದ ರಾಜ್ಯದಲ್ಲಿ ಪಳಗಿದ ಹಳೇ ಕಾವಲಿಗೆ ಹೊಸದರ ಹತ್ತರಷ್ಟು ಬೆಲೆ ಅಂತ ಅವನಿಗೆ ಗೊತ್ತಿತ್ತು. ಹೆಂಗಸರಿಗೆ ಗೊತ್ತಿರಲಿಲ್ಲ. ತಗಡಿನ ಕಾವಲಿ ಮೇಲೆ ಹುಯ್ದ ದೋಸೆ ನಡುವೆ ಹಸಿ, ಅಂಚಲ್ಲಿ ಸೀದು, ತಳಕ್ಕೆ ಅಂಟು. ಕೇಳಲು ಹೋದರೆ ಥಳಕಪ್ಪ ಮೂಗು ಮುರಿಯುತ್ತಿದ್ದ. "ಕಾವಲಿ ಚೆನ್ನಾಗೇ ಇದೆ ತಾಯಿ. ನಿಮ್ಮ ಕೈಗುಣ ಸರಿಯಿಲ್ಲ."

ದ್ಯಾವಮ್ಮನ ಹತ್ತಿರವೂ ಮೂರು ಸಲ ಬಂದ. ಮೂರು ಸಲವೂ ಅವಳು, "ದೋಸೆ ಬೇಕಾದರೆ ಕೂತ್ಕೋ, ಕಾವಲಿ ಬೇಕಾದರೆ ಏಳು," ಅಂದಳು. ನಾಲ್ಕನೇ ಸಲ ಅವಳು ಹೊಳೆಗೆ ಹೋದ ಹೊತ್ತು ನೋಡಿ ಬಂದ. ಮನೆಯಲ್ಲಿ ಸೊಸೆ ಸೋಮಿ ಒಬ್ಬಳೇ. ಮದುವೆಯಾಗಿ ಬಂದು ಹದಿನೈದು ದಿನ ಆಗಿತ್ತು, ಗಂಡ ಮತ್ತೆ ಸೈನ್ಯಕ್ಕೆ ಹೋಗಿದ್ದ. ಮುದ್ದೆ ಉಣ್ಣುವ ಮನೆಯಿಂದ ಬಂದ ಹುಡುಗಿ, ದೋಸೆ ಹುಯ್ದು ಗೊತ್ತಿಲ್ಲ. ಅತ್ತೆಯ ಕಣ್ಣಿಗೆ ಒಳ್ಳೆಯವಳಾಗಬೇಕು ಅಂತ ಮಾತ್ರ ಬಲು ಆಸೆ.

"ನಿಮ್ಮತ್ತೆ ಈ ಹಳೇ ಕಾವಲಿ ಇಟ್ಟುಕೊಂಡು ಎಷ್ಟು ಕಷ್ಟ ಪಡ್ತಾಳಮ್ಮ," ಅಂದ ಥಳಕಪ್ಪ. "ಬರೋ ಹೊತ್ತಿಗೆ ಹೊಸದು ಇಟ್ಟಿರು. ಅವಳ ಮುಖ ಹೇಗೆ ಅರಳುತ್ತೆ ನೋಡು."

ದ್ಯಾವಮ್ಮ ಬಂದಳು. ಒಲೆ ಮೇಲೆ ಕನ್ನಡಿಯ ಹಾಗೆ ಹೊಳೆಯುವ ತಗಡು. ಪಕ್ಕದಲ್ಲಿ ನಗುತ್ತಾ ನಿಂತ ಸೋಮಿ. ಅತ್ತೆಯ ಮುಖ ಅರಳಲಿಲ್ಲ. ಅವಳು ಬೈಯಲಿಲ್ಲ, ಕೂಗಲಿಲ್ಲ. ಒಲೆ ಪಕ್ಕ ಕೂತು ಬರೀ ಒಂದು ಮಾತು ಕೇಳಿದಳು. "ನನ್ನವ್ವನ ಕಾವಲಿ ಎಲ್ಲಿ ಮಗಾ?"

ಆಗ ಸೋಮಿಗೆ ಎಲ್ಲ ಅರ್ಥವಾಯಿತು. ಅವಳು ಅತ್ತದ್ದನ್ನು ನೋಡಿ ದ್ಯಾವಮ್ಮನೇ ಸಮಾಧಾನ ಮಾಡಬೇಕಾಯಿತು. "ಅಳಬೇಡ ಕಣೇ. ಕಣ್ಣೀರು ಉಪ್ಪು. ಬೀಡಿಗೆ ಉಪ್ಪು ಆಗಿಬರಲ್ಲ. ನಡಿ, ರಾಜರ ಹತ್ತಿರ ಹೋಗೋಣ."

ರಾಜ ಥಳಕಪ್ಪನನ್ನು ಕರೆಸಿದ. ಥಳಕಪ್ಪ ನಿಂತಲ್ಲೇ ಬಗ್ಗಿದ. "ಮಹಾಪ್ರಭು, ಅವರಾಗೇ ಕೊಟ್ಟರು, ಅವರಾಗೇ ತಗೊಂಡರು. ಕಳ್ಳತನ ಎಲ್ಲಿ ಬಂತು? ಮೂರು ದಿನ ಕಳೆದರೆ ಆ ಕಾವಲಿ ಹೊತ್ತು ನನ್ನ ಗಾಡಿ ಪಕ್ಕದ ರಾಜ್ಯಕ್ಕೆ ಹೊರಡುತ್ತೆ. ದೋಸೆ ಏಳದಿದ್ದರೆ ಅದು ಅವರ ಕೈಗುಣ."

ದ್ಯಾವಮ್ಮ ಮುಂದೆ ಬಂದಳು. "ಬುದ್ಧಿ, ಇವನು ಎರಡು ಸುಳ್ಳು ಹೇಳಿ ನಮ್ಮ ಕಾವಲಿ ಇಟ್ಟುಕೊಂಡಿದ್ದಾನೆ. ಕರಿ ಅಂದರೆ ಕೊಳೆ ಅನ್ನೋದು ಒಂದು, ಕೈಗುಣ ಅನ್ನೋದು ಇನ್ನೊಂದು. ಇವನ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಬೀಡಿನ ಕಾವಲಿ ಒಂದು ಕೊಡಿಸಿ. ನಿಮ್ಮ ಅಂಗಳದಲ್ಲೇ ಪಳಗಿಸ್ತೀನಿ. ಮೂರನೇ ಬೆಳಿಗ್ಗೆ ದೋಸೆ ಹುಯ್ಯೋದು ನಾನಲ್ಲ, ಈ ಸೋಮಿ. ದೋಸೆ ತಾನಾಗಿ ಎದ್ದರೆ ಊರಿನ ಕಾವಲಿಯೆಲ್ಲ ಊರಿಗೆ ವಾಪಸ್."

"ಏಳದಿದ್ದರೆ?" ಅಂದ ರಾಜ.

"ಏಳದಿದ್ದರೆ ಹೊಂಗೆ ಮರದ ಜಾಗ ನನಗೆ," ಅಂದ ಥಳಕಪ್ಪ ಥಟ್ಟನೆ. "ಅಲ್ಲೊಂದು ಅಂಗಡಿ ಹಾಕ್ತೀನಿ."

ದ್ಯಾವಮ್ಮ ಲೆಕ್ಕ ಹಾಕಿದಳು. ಕಾವಲಿ ಆಗಲೇ ಹೋಗಿದೆ. ಈಗ ಒಲೆಯ ಜಾಗವೂ ಹೋದರೆ ಆ ಪರಸೀಮೆಯಲ್ಲಿ ಅವಳದು ಅನ್ನೋದು ಇನ್ನೇನು? ಸೆರಗು ಬಿಗಿದು, "ಆಗಲಿ," ಅಂದಳು.

ಅಂಗಡಿಗೆ ಹೋದರು. ಥಳಕಪ್ಪ ಒಂದು ಕಾವಲಿ ತಂದಿಟ್ಟ. ಎಣ್ಣೆ ಸವರಿ ಮಿರಿಮಿರಿ ಮಾಡಿದ್ದ. ದ್ಯಾವಮ್ಮ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಗೆಣ್ಣಿನಿಂದ ತಟ್ಟಿದಳು. ಟಪ್. ಒಡಕು ಮಡಕೆಯ ದನಿ. ಉಗುರಿನಿಂದ ಕೆರೆದು ನೋಡಿದಳು. ಬೀಡು ಬಿರುಕು ಬಿಟ್ಟಿದೆ, ಬಿರುಕಿಗೆ ಅರಗು ತುಂಬಿದೆ, ಅರಗಿನ ಮೇಲೆ ಮಸಿ ಬಳಿದಿದೆ. ಕಂಡದ್ದನ್ನು ಮನಸ್ಸಲ್ಲೇ ಇಟ್ಟುಕೊಂಡು ಅದನ್ನು ಪಕ್ಕಕ್ಕಿಟ್ಟಳು.

ಎರಡನೇದನ್ನು ತಂದ. ತಟ್ಟಿದಳು. ದನಿ ಪರವಾಗಿಲ್ಲ. ಚಪ್ಪಡಿ ಕಲ್ಲಿನ ಮೇಲೆ ಇಟ್ಟಳು. ತೊಟ್ಟಿಲಿನ ಹಾಗೆ ತೂಗಿತು. "ಇದು ಮಗು ಮಲಗಿಸೋಕೆ ಚೆನ್ನಾಗಿದೆ ಕಣಪ್ಪ, ದೋಸೆಗಲ್ಲ. ಎಣ್ಣೆಯೆಲ್ಲ ಒಂದೇ ಕಡೆ ಹರಿಯುತ್ತೆ."

ಮೂರನೇದನ್ನು ಅವಳೇ ಹುಡುಕಿದಳು. ಹಿತ್ತಲಲ್ಲಿ ಕೋಳಿಗಳಿಗೆ ನೀರು ಇಟ್ಟಿದ್ದ ಕಾವಲಿ. ಮೈಯೆಲ್ಲ ತರಿತರಿ, ತುಕ್ಕು ಹಿಡಿದು ಕೆಂಪಗೆ. ನೀರು ಚೆಲ್ಲಿ, ಒರೆಸಿ, ತಟ್ಟಿದಳು. ಠಣ್. ಆ ದನಿ ಗೋಡೆ ಮುಟ್ಟಿ, ಸೂರು ಮುಟ್ಟಿ, ನಿಧಾನವಾಗಿ ಇಳಿಯಿತು. ಕಲ್ಲಿನ ಮೇಲೆ ಇಟ್ಟಳು. ಅಲ್ಲಾಡಲಿಲ್ಲ.

"ಇದು," ಅಂದಳು.

ಥಳಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದಕ್ಕೆ ಬೆಲೆ ಹೇಳೋಕೂ ನನಗೆ ನಾಚಿಕೆ. ಎರಡು ಕಾಸು ಬಿಸಾಕು. ಕೋಳಿಗಳಿಗೆ ಏನು ಹೇಳಲಿ?"

"ಮೂರು ದಿನ ಬಿಟ್ಟು ದೋಸೆ ತಿನ್ನೋಕೆ ಬರಲಿ ಅಂತ ಹೇಳು. ಹಾಗೇ ಆ ಮೊದಲನೇದನ್ನೂ ಕೊಡು, ಮೇಲೆ ಮುಚ್ಚೋಕಾಗುತ್ತೆ."

ಒಡಕು ಮಾಲು ತೊಲಗಿದರೆ ಸಾಕು ಅಂತ ಥಳಕಪ್ಪ ಅದನ್ನು ಧರ್ಮಕ್ಕೇ ಕೊಟ್ಟ.

ಅರಮನೆಯ ಅಂಗಳದಲ್ಲಿ ಒಲೆ ಹೂಡಿದರು. ಊರಿನ ಹೆಂಗಸರೆಲ್ಲ ಸೇರಿದರು. ಗೌಡತಿ ತೆಂಗಿನ ನಾರು ತಂದಳು, ಕುಂಬಾರಗಿತ್ತಿ ಹುಳಿ ಮಜ್ಜಿಗೆ ತಂದಳು, ಪೂಜಾರಪ್ಪನ ಹೆಂಡತಿ ಗಿಂಡಿ ತುಂಬಾ ಹರಳೆಣ್ಣೆ ತಂದಳು. ದ್ಯಾವಮ್ಮ ಸೋಮಿಯ ಕೈಯಲ್ಲೇ ಎಲ್ಲ ಮಾಡಿಸಿದಳು. ಮಜ್ಜಿಗೆ ಹಚ್ಚಿ ನಾರಿನಿಂದ ಉಜ್ಜಿದಾಗ ತುಕ್ಕು ಕೆಂಪು ನೀರಾಗಿ ಹರಿಯಿತು. ಅಕ್ಕಿ ತೊಳೆದ ನೀರಲ್ಲಿ ತೊಳೆದು, ಒರೆಸಿ, ಹನಿ ನೀರೂ ಉಳಿಯದ ಹಾಗೆ ಒಲೆ ಮೇಲಿಟ್ಟು ಒಣಗಿಸಿದರು. ಬಟ್ಟೆಯಲ್ಲಿ ಎಣ್ಣೆ ಸವರಿ ಹೊಗೆ ಏಳುವವರೆಗೆ ಕಾಯಿಸಿದರು. ತಾನಾಗಿ ಆರಲು ಬಿಟ್ಟರು. ಮತ್ತೆ ಸವರಿದರು, ಮತ್ತೆ ಕಾಯಿಸಿದರು, ಮತ್ತೆ ಆರಿಸಿದರು. ಅರ್ಧ ಈರುಳ್ಳಿಯನ್ನು ಕಡ್ಡಿಗೆ ಚುಚ್ಚಿ ಕಾವಲಿಯ ಮೈಯೆಲ್ಲ ತಿಕ್ಕಿದರು. ಅರಮನೆಗೆಲ್ಲ ಘಮ ಹರಡಿತು. ರಾಜ ಕಿಟಕಿಯಿಂದ ಇಣುಕಿ, "ಆಯ್ತಾ?" ಅಂದ.

"ಇನ್ನೂ ಇಲ್ಲ ಬುದ್ಧಿ. ಒಳಗೆ ಹೋಗಿ."

ಸೋಮಿ ಮೊದಲ ದೋಸೆ ಹುಯ್ದಳು. ಅದು ಕಾವಲಿಯನ್ನು ಅಪ್ಪಿ ಹಿಡಿದು ಬಿಡಲೇ ಇಲ್ಲ. ಕೆರೆದರೆ ಚೂರು ಚೂರು. ಹುಡುಗಿಯ ಮುಖ ಸಣ್ಣಗಾಯಿತು. "ಅತ್ತೆ, ನನ್ನ ಕೈಗುಣವೇ ಇರಬೇಕು."

"ಹೊಸ ಕಾವಲಿಯ ಮೊದಲ ದೋಸೆ ನಮಗಲ್ಲ ಕಣೇ, ಕಾಗೆಗೆ," ಅಂದಳು ದ್ಯಾವಮ್ಮ. "ನಮ್ಮವ್ವನ ಮನೆಯಲ್ಲೂ ಹಾಗೇ. ಹದಿನೈದು ದಿನಕ್ಕೆ ನೀನೂ ಈ ಮನೆಗೆ ಪಳಗಿದ್ದೀಯಾ ಏನು?"

ಕಾಗೆ ಬಂದು ಚೂರು ತಿಂದಿತು. ಆ ಕಾಲದಲ್ಲಿ ಕಾಗೆಗಳು ಮಾತಾಡುತ್ತಿದ್ದವು, ಕೇಳುವವರಿಗೂ ಪುರುಸೊತ್ತಿತ್ತು. "ಉಪ್ಪು ಕಮ್ಮಿ," ಅಂದಿತು ಕಾಗೆ. ಬೇಲಿ ಆಚೆ ಕೊಡೆ ಹಿಡಿದು ಕೂತಿದ್ದ ಥಳಕಪ್ಪ ತೊಡೆ ತಟ್ಟಿ ನಕ್ಕ.

ಎರಡನೇ ಬೆಳಿಗ್ಗೆ ಮತ್ತೆ ಎಣ್ಣೆ, ಮತ್ತೆ ಕಾವು, ಮತ್ತೆ ಈರುಳ್ಳಿ. ಅರ್ಧ ದೋಸೆ ಎದ್ದಿತು, ಅರ್ಧ ಅಂಟಿತು. ಎದ್ದದ್ದನ್ನು ಸೋಮಿ ತಿಂದಳು, ಅಂಟಿದ್ದನ್ನು ಕಾಗೆ ತಿಂದಿತು. "ಅಜ್ಜಿ, ಇಷ್ಟು ಅವಸರ ಯಾಕೆ? ನಿಧಾನವಾಗಿ ಪಳಗಿಸು," ಅಂದಿತು ಕಾಗೆ. ಥಳಕಪ್ಪ ಈ ಸಲ ನಗಲಿಲ್ಲ. ಕಾವಲಿಯ ಕೆಂಪು ಹೋಗಿ ಕಪ್ಪು ಏರುತ್ತಿದ್ದದ್ದು ಅವನಿಗೂ ಕಾಣುತ್ತಿತ್ತು.

ಅವನ ನಗು ನಿಂತದ್ದನ್ನು ದ್ಯಾವಮ್ಮ ಗಮನಿಸಿದಳು. ಮಧ್ಯಾಹ್ನ ಹೆಂಗಸರು ಊಟಕ್ಕೆ ಏಳುವ ಹೊತ್ತಿಗೆ ಕೋಳಿ ಕಾವಲಿಯನ್ನು ಮೆಲ್ಲಗೆ ತೌಡಿನ ಕುಕ್ಕೆಯೊಳಗೆ ಹೂತಳು. ಅರಗಿನ ಕಾವಲಿಗೆ ಚೆನ್ನಾಗಿ ಎಣ್ಣೆ ಬಳಿದು, ಬೆಂಕಿ ಸರಿಸಿದ ಒಲೆಯ ಮೇಲೆ ಇಟ್ಟಳು. ಆಮೇಲೆ ಬೇಲಿ ಪಕ್ಕದಲ್ಲಿ ನಡೆಯುತ್ತಾ ಸೋಮಿಯ ಕೈ ಚಿವುಟಿದಳು.

ಸೋಮಿ ಜಾಣೆ. "ಅತ್ತೆ," ಅಂತ ದನಿ ಎತ್ತಿದಳು, "ಕಾವಲಿ ಒಲೆ ಮೇಲೇ ಬಿಟ್ಟು ಬಂದೆಯಲ್ಲ. ಯಾರಾದರೂ ಬೂದಿ, ಹುಣಸೆಹಣ್ಣು ಹಾಕಿ ಬೆಳ್ಳಗೆ ಉಜ್ಜಿಬಿಟ್ಟರೆ?"

"ಪಳಗಿದ ಕಾವಲಿಯನ್ನ ಹಾಗೆ ಉಜ್ಜಿದರೆ ಕರಿ ಹೋಯ್ತು. ಕರಿ ಹೋದರೆ ಎರಡು ದಿನದ ಕೆಲಸವೂ ಹೋಯ್ತು," ಅಂದಳು ದ್ಯಾವಮ್ಮ. "ಆದರೆ ಅರಮನೆ ಅಂಗಳದಲ್ಲಿ ಅಂಥಾ ಕೆಲಸ ಯಾರು ಮಾಡ್ತಾರೆ, ನಡಿ."

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಯಾವ ಕಾವಲಿ ಎಲ್ಲಿದೆ ಅಂತ ಮಾತ್ರ ಹೇಳಲಿಲ್ಲ. ಅತ್ತೆ ಸೊಸೆ ಇಬ್ಬರೂ ಸುತ್ತಿ ಬಂದು ಭತ್ತದ ಕಣಜದ ಹಿಂದೆ ಕೂತರು.

ಥಳಕಪ್ಪ ಓಡಿಹೋಗಿ ಹುಣಸೆಹಣ್ಣು ತಂದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬೇಲಿ ಹಾರಿದ. ಬಿಸಿ ಮಾಡಿದರೆ ಕರಿ ಬೇಗ ಬಿಡುತ್ತೆ ಅಂತ ಕೆಂಡ ಕೆದಕಿ ಊದಿದ. ಕಾವಲಿ ಕಾದ ಮೇಲೆ ಹುಣಸೆ ನೀರು ಹುಯ್ದು, ಬೂದಿ ಚೆಲ್ಲಿ, ಎರಡೂ ಕೈಯಲ್ಲಿ ನಾರು ಒತ್ತಿ ತಿಕ್ಕಿದ. ಕಾವಿಗೆ ಅರಗು ಕರಗಿತು. ಬೆಲ್ಲದ ಪಾಕದ ಹಾಗೆ ಕರ್ರಗೆ ಉಕ್ಕಿ ನಾರಿಗೆ ಅಂಟಿತು, ಬೆರಳಿಗೆ ಅಂಟಿತು. ಬೆಂದ ಕೈಯನ್ನು ಇನ್ನೊಂದು ಕೈಯಿಂದ ಉಜ್ಜಿದ. ಅಂಗೈಗೆ ಅಂಗೈ ಅಂಟಿತು. ಉರಿ ತಾಳದೆ ಎರಡನ್ನೂ ತಣ್ಣೀರಿನ ಕೊಡಕ್ಕೆ ಅದ್ದಿದ. ಅರಗು ಕಲ್ಲಾಯಿತು. ಗಡಿಬಿಡಿಯಲ್ಲಿ ಕೊಡ ಕಾದ ಕಾವಲಿ ಮೇಲೆ ಉರುಳಿ, ಕಾವಲಿ ಫಟ್ ಅಂತ ಎರಡು ಹೋಳಾಯಿತು.

"ಒಡೆದೇ ಹೋಯ್ತು, ಇನ್ನೂ ಒಳ್ಳೇದಾಯ್ತು," ಅಂದುಕೊಂಡ ಥಳಕಪ್ಪ. ಹೋಳುಗಳನ್ನು ಮೊಣಕೈಯಿಂದ ತಳ್ಳಿ ಜೋಡಿಸಿದ. ಒಲೆ ಪಕ್ಕ ಬಿದ್ದಿದ್ದ ಬಟ್ಟೆಯನ್ನು ಹಲ್ಲಿನಿಂದ ಎಳೆದು ಮುಚ್ಚಿದ. ಕಣಜದ ಹಿಂದೆ ಸೋಮಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆದಳು.

ಮನೆಗೆ ಹೋಗಿ ಥಳಕಪ್ಪ ಬಿಸಿನೀರು ಹಾಕಿದ, ಬಿಡಲಿಲ್ಲ. ಸೀಗೇಪುಡಿ ಹಾಕಿದ, ಬಿಡಲಿಲ್ಲ. ಇಟ್ಟಿಗೆ ಪುಡಿ ಹಾಕಿ ಉಜ್ಜಿದ, ಚರ್ಮ ಕಿತ್ತು ಬಂತು, ಅರಗು ಬಿಡಲಿಲ್ಲ. ಬೆಚ್ಚಗಿನ ಎಣ್ಣೆ ಹಚ್ಚಿ ನಿಧಾನವಾಗಿ ತೀಡಿದ್ದರೆ ಬಿಡುತ್ತಿತ್ತು. ಆದರೆ ಜೀವಮಾನದಲ್ಲಿ ಯಾವುದನ್ನೂ ಎಣ್ಣೆ ಹಚ್ಚಿ ನೋಡಿಕೊಂಡವನಲ್ಲ, ಅವನಿಗೆ ಹೇಗೆ ಹೊಳೆಯಬೇಕು? ರಾತ್ರಿ ಹೆಂಡತಿಯೇ ತುತ್ತು ಮಾಡಿ ಬಾಯಿಗಿಟ್ಟಳು.

ಮೂರನೇ ಬೆಳಿಗ್ಗೆ. ಊರಿಗೆ ಊರೇ ಅಂಗಳದಲ್ಲಿ. ರಾಜ ಹಸಿದುಕೊಂಡೇ ಬಂದು ಕೂತಿದ್ದ. ಥಳಕಪ್ಪ ಮೈತುಂಬಾ ಶಾಲು ಹೊದ್ದು ಬಂದ.

"ಕಾವಲಿ ತೋರಿಸಲಿ ಪ್ರಭು," ಅಂದ.

ಸೋಮಿ ಕಾವಲಿ ಮೇಲಿನ ಬಟ್ಟೆ ತೆಗೆದಳು. ಎರಡು ಹೋಳು. ಹೆಂಗಸರೆಲ್ಲ ಅಯ್ಯೋ ಅಂದರು. ಥಳಕಪ್ಪ ತಲೆ ಆಡಿಸಿದ. "ನೋಡಿದಿರಾ? ಅಗ್ಗದ ಮಾಲು ಎಷ್ಟು ದಿನ ಬಾಳುತ್ತೆ?"

"ಇದು ಥಳಕಪ್ಪನ ಅಂಗಡಿಯ ಒಳ್ಳೇ ಮಾಲು ಬುದ್ಧಿ, ಧರ್ಮಕ್ಕೆ ಕೊಟ್ಟ," ಅಂದಳು ದ್ಯಾವಮ್ಮ. "ಅಗ್ಗದ್ದು ಇಲ್ಲಿದೆ." ಕುಕ್ಕೆಗೆ ಕೈ ಹಾಕಿ ಕೋಳಿ ಕಾವಲಿಯನ್ನು ಎತ್ತಿದಳು, ತೌಡು ಒರೆಸಿದಳು. ಕರ್ರಗೆ ಮಿಂಚಿತು.

ಒಲೆ ಉರಿಯಿತು. ಕಾವಲಿ ಕಾಯಿತು. ನೀರು ಚಿಮುಕಿಸಿದರೆ ಹನಿಗಳು ಕುಣಿದವು. ಸೋಮಿ ಸೌಟು ಎತ್ತಿದಳು. ಹಿಟ್ಟು ಹುಯ್ದು ತಿರುವಿದಳು. ದೋಸೆ ಸೊಟ್ಟಗಾಯಿತು, ಒಂದು ಕಡೆ ಕಿವಿ ಬಂತು. ದ್ಯಾವಮ್ಮ ಕಣ್ಣು ಮುಚ್ಚಿ ಕಿವಿಯಲ್ಲಿ ಕೇಳುತ್ತಿದ್ದಳು. ಚುಂಯ್ ಅನ್ನುವ ಸದ್ದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ನಿಂತಿತು. ಆಗ ದೋಸೆ ಮೆಲ್ಲಗೆ ಒಂದು ಅಂಚು ಎತ್ತಿತು. ಆಮೇಲೆ ಇನ್ನೊಂದು. ಸೋಮಿ ಕಾವಲಿ ವಾಲಿಸಿದಳು. ದೋಸೆ ಜಾರಿ ಎಲೆ ಮೇಲೆ ಬಂದು ಕೂತಿತು.

"ಕಾವಲಿಯಲ್ಲಿ ಏನೂ ಉಳಿದಿಲ್ಲ," ಅಂತ ಕಾಗೆ ಬೇಸರದಿಂದ ಹಾರಿಹೋಯಿತು.

ರಾಜ ಒಂದು ಚೂರು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದ. ತೆರೆದಾಗ ಮುಖದಲ್ಲಿ ನಗು. "ಇನ್ನು ಹಂಚಬೇಕು. ಪಣ ಕಟ್ಟಿದವನಿಗೇ ಮೊದಲು. ಬಾರಪ್ಪ ಥಳಕಪ್ಪ, ಕೈ ಚಾಚು."

ಥಳಕಪ್ಪ ಅಲ್ಲಾಡಲಿಲ್ಲ. "ನನಗೆ ಹೊಟ್ಟೆ ತುಂಬಿದೆ ಪ್ರಭು."

"ರಾಜ ಕೊಟ್ಟದ್ದು ಬೇಡ ಅನ್ನಬಾರದು. ಚಾಚು."

ಶಾಲು ಜಾರಿತು. ಜೋಡಿಸಿದ ಎರಡು ಕೈ ಹೊರಬಂದವು.

"ನಮಸ್ಕಾರ ಆಮೇಲೆ ಮಾಡುವೆಯಂತೆ," ಅಂದ ರಾಜ. "ಕೈ ಬಿಡಿಸು."

"ಬಿಡಿಸೋಕೆ ಆಗೋದಿಲ್ಲ ಪ್ರಭು."

ರಾಜ ಎದ್ದು ಬಂದ. ಕೈಯಲ್ಲಿದ್ದ ಕರಿ ಅರಗನ್ನು ನೋಡಿದ. ಒಡೆದ ಹೋಳಿನ ಅಂಚಿನಲ್ಲಿದ್ದ ಕರಿ ಅರಗನ್ನೂ ನೋಡಿದ. ಎರಡೂ ಒಂದೇ. ಅವನು ದೋಸೆಯ ಹುಚ್ಚ, ದಡ್ಡನಲ್ಲ. "ಬಿರುಕಿಗೆ ಅರಗು ತುಂಬಿ ನನ್ನ ಪ್ರಜೆಗಳಿಗೆ ಮಾರುತ್ತಿದ್ದೆ. ನನ್ನ ಅಂಗಳದಲ್ಲಿ ಕದ್ದು ಉಜ್ಜಿದ್ದೀಯ. ನಿನ್ನ ಮಾಲು ನಿನಗೇ ಮುಟ್ಟಿದೆ, ಇಟ್ಟುಕೋ." ಅಂಗಳವೆಲ್ಲ ನಗುವಿನಲ್ಲಿ ತೇಲಿತು.

ಉಗ್ರಾಣದ ಬಾಗಿಲು ತೆರೆಸಿದರು. ನೂರು ಕಾವಲಿ, ಎಲ್ಲವೂ ಕಪ್ಪು, ಎಲ್ಲವೂ ದುಂಡಗೆ. ಆದರೆ ಯಾವ ಹೆಂಗಸೂ ತಪ್ಪು ಮಾಡಲಿಲ್ಲ. ಒಬ್ಬೊಬ್ಬಳೂ ತಟ್ಟಿದಳು, ಕೇಳಿದಳು, ತನ್ನದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ದ್ಯಾವಮ್ಮ ಹತ್ತು ತಟ್ಟಿದಳು, ಇಪ್ಪತ್ತು ತಟ್ಟಿದಳು. ಕೊನೆಯಲ್ಲಿ ಒಂದು ಠಣ್ ಅಂದಿತು, ಎರಡು ಹೊಳೆ ಆಚೆಯಿಂದ ಯಾರೋ ಕರೆದ ಹಾಗೆ. ಅದನ್ನು ಎದೆಗೆ ಅವಚಿಕೊಂಡಳು. ರವಿಕೆಗೆಲ್ಲ ಎಣ್ಣೆಯಾಯಿತು.

ಥಳಕಪ್ಪ ಮೂಲೆಯಲ್ಲಿ ಕೂತಿದ್ದ. "ಅವ್ವಾ, ನನ್ನ ಕೈ," ಅಂದ. ದ್ಯಾವಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿ ಒಂದೊಂದೇ ಬೆರಳು ತೀಡಿ ಬಿಡಿಸಿದಳು. ಒಂದು ವರ್ಷ ಕಾಲ ಪ್ರತಿ ಕಾವಲಿಯನ್ನೂ ಕೊಳ್ಳುವವರ ಕಿವಿಯ ಹತ್ತಿರ ಮೂರು ಸಲ ತಟ್ಟಿ ತೋರಿಸಬೇಕು, ತಾನೇ ಈರುಳ್ಳಿ ತಿಕ್ಕಿ ಪಳಗಿಸಿ ಕೊಡಬೇಕು ಅಂತ ರಾಜ ಅಪ್ಪಣೆ ಮಾಡಿದ. ಮೊದಮೊದಲು ಥಳಕಪ್ಪ ಈರುಳ್ಳಿಗೆ ಅತ್ತ. ಆಮೇಲೆ ಅವನ ಅಂಗಡಿಯ ಕಾವಲಿಗೆ ಎಷ್ಟು ಹೆಸರು ಬಂತೆಂದರೆ, ವರ್ಷ ಮುಗಿದರೂ ತಟ್ಟುವುದನ್ನು ಅವನು ಬಿಡಲಿಲ್ಲ.

ಮನೆಗೆ ಬಂದು ದ್ಯಾವಮ್ಮ ಅವ್ವನ ಕಾವಲಿಯನ್ನು ಸೋಮಿಯ ಮಡಿಲಿಗಿಟ್ಟಳು.

"ಕಳೆದವಳು ನಾನೇ ಅತ್ತೆ. ನನಗೇ ಕೊಡ್ತೀಯಾ?"

"ಒಂದು ಸಲ ಕಳೆದು ಅತ್ತವಳು ಇನ್ನು ಯಾರಿಗೂ ಕೊಡಲ್ಲ. ನೀನು ಇದನ್ನ ನೋಡ್ಕೋ. ಇದು ನಿನ್ನನ್ನ ನೋಡ್ಕೊಳ್ಳುತ್ತೆ."

"ಮತ್ತೆ ನಿನಗೆ?"

ದ್ಯಾವಮ್ಮ ಕೋಳಿ ಕಾವಲಿಯನ್ನು ಒಲೆ ಮೇಲಿಟ್ಟು ಒಂದು ತೊಟ್ಟು ಎಣ್ಣೆ ಸವರಿದಳು. "ನನಗೆ ಇದಿದೆಯಲ್ಲ. ಈ ಊರಲ್ಲಿ ಕೊಂಡದ್ದು, ಈ ಊರಲ್ಲೇ ಪಳಗಿದ್ದು, ನನ್ನ ಹಾಗೆ."

ಬೆಳಿಗ್ಗೆ ಹೊಂಗೆ ಮರದ ಕೆಳಗೆ ಎರಡು ಒಲೆ ಉರಿದವು. ಎಲ್ಲರಿಗಿಂತ ಮುಂದೆ ಮೂರು ಕೋಳಿ ಬಂದು ನಿಂತಿದ್ದವು.

ಅದಕ್ಕೇ ಮಕ್ಕಳೇ, ಹೊಳಪು ನೋಡಿ ಕೊಳ್ಳಬೇಡಿ, ತಟ್ಟಿ ದನಿ ಕೇಳಿ ಕೊಳ್ಳಿ. ಅಗ್ಗದ್ದು ಅಂತ ಅಸಡ್ಡೆ ಮಾಡಬೇಡಿ. ದಿನಾ ಒರೆಸಿ, ಒಣಗಿಸಿ, ಒಂದು ತೊಟ್ಟು ಎಣ್ಣೆ ಹಚ್ಚಿ ನೋಡಿಕೊಂಡರೆ ಎರಡು ಕಾಸಿನ ಕಾವಲಿಯೂ ಮೂರು ತಲೆಮಾರಿಗೆ ಅನ್ನ ಹಾಕುತ್ತೆ. ಮೋಸದಿಂದ ತುಂಬಿದ ಬಿರುಕು ಮಾತ್ರ ಕಾವು ತಗುಲಿದ ದಿನ ಬಾಯಿ ಬಿಡುತ್ತೆ.

ಹಿಟ್ಟು ಮುಗೀತು, ಒಲೆ ಆರಿತು. ಕಾವಲಿ ಒರೆಸಿಡಿ, ನನ್ನ ಕಥೆ ಬೆಂದಿತು.